ಹಲ್ಲಿನಲ್ಲಿ ಕಚ್ಚಿದ ಸೀಸ

ನೆಟ್ಟಣದ ಆಚೀಚೆ ಹೊಳೆಯಲ್ಲಿ ಮೀನು ಹಿಡಿಯುವ ಹೆಚ್ಚಿನವರ ಬೀಸುಬಲೆ ನನ್ನ ಕೈಯದ್ದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು, ಆದರೆ ನನ್ನ ಬಲೆ ನೀರಿಗೆ ಬೀಳುವಾಗ ಒಂದು ಕಡೆ ಮಡಚಿಕೊಂಡದ್ದಿಲ್ಲ. ಭಾರಕ್ಕೆ ಅಂಚಿನ ಹಗ್ಗಕ್ಕೆ ಸೀಸದ ಚೂರು ಸುತ್ತಿ ಹಲ್ಲಿನಿಂದ ಕಚ್ಚಿ ಬಿಗಿ ಮಾಡುದು. ಇಕ್ಕುಳದಲ್ಲಿ ಒತ್ತಿದರೆ ಹಗ್ಗ ತುಂಡಾಗ್ತದೆ, ಹಲ್ಲಿಗೆ ಅಳತೆ ಗೊತ್ತುಂಟು ಅಂತ ಎಲ್ಲರಿಗೂ ಹೇಳುತ್ತಿದ್ದೆ.

ಹೊಟ್ಟೆನೋವು ತಿಂಗಳಾದರೂ ಬಿಡದಿದ್ದಾಗ ಪುತ್ತೂರಿನ ಡಾಕ್ಟ್ರು ನನ್ನ ಕೆಲಸ ಎಂತದ್ದು ಅಂತ ಕೇಳಿ ರಕ್ತ ತೆಗೆಸಿದರು. ವಾರ ಕಳೆದು ಬಂದ ರಿಪೋರ್ಟು ಪೂರಾ ಇಂಗ್ಲಿಷ್. ಒಂದು ಸಂಖ್ಯೆ ಮಾತ್ರ ದಪ್ಪಕ್ಕೆ ಅಚ್ಚಾಗಿತ್ತು. ಓದಿದವನ ಹಾಗೆ ತಲೆ ಆಡಿಸಿದೆ.

“ನಿಮ್ಮ ರಕ್ತದಲ್ಲಿ ಸೀಸ ಉಂಟು, ಇರಬಾರದಷ್ಟು ಉಂಟು,” ಅಂದರು ಡಾಕ್ಟ್ರು. “ಎಷ್ಟು ಸೇರಿದೆ ಅಂತ ಇದರಲ್ಲಿ ಗೊತ್ತಾಗ್ತದೆ. ಎಷ್ಟು ಹಾಳು ಮಾಡಿದೆ ಅಂತ ಇದೊಂದರಿಂದ ಹೇಳ್ಲಿಕ್ಕಾಗುದಿಲ್ಲ. ಮೊದಲು ಕಚ್ಚುದು ನಿಲ್ಲಿಸಿ. ಮನೆಯಲ್ಲಿ ಬೇರೆ ಯಾರಾದರೂ ಕಚ್ತಾರಾ? ಬಸುರಿಯರಿದ್ದರೆ ಹೊಟ್ಟೆಯ ಮಗುವಿಗೂ ಹೋಗ್ತದೆ.”

“ಇಲ್ಲ. ನಾನೊಬ್ಬನೇ.”

ನನ್ನ ಬಲೆಗೆ ಬೇರೆಯವರ ಹಲ್ಲು ತಾಗಿದ್ದಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದ ಬಾಯಿ ಅದು. ಹೆರಿಗೆಗೆ ಬಂದ ಮಗಳು ಎರಡು ತಿಂಗಳಿಂದ ಜಗಲಿಯಲ್ಲಿ ಕೂತು ನನ್ನಷ್ಟೇ ಚುರುಕಾಗಿ ಕಚ್ಚುತ್ತಿದ್ದಳು.

ಕಡಬದ ಬಸ್ಸಿನಲ್ಲಿ ಕೂತು ಅವಳಿಗೆ ಫೋನು ಮಾಡಿದೆ.

“ಎಂತ ಮಾಡ್ತಿದ್ದಿ?”

“ನಿಮ್ಮ ಬಲೆಯೇ. ಇನ್ನು ಒಂದು ಮೊಳ ಉಂಟು. ನಿಮ್ಮದಕ್ಕಿಂತ ನನ್ನದೇ ಬಿಗಿ, ಡಾಕ್ಟ್ರಿಗೂ ಹೇಳಿ ಅಪ್ಪ.” ಬಾಯಲ್ಲಿ ಏನೋ ಇಟ್ಟುಕೊಂಡೇ ಮಾತಾಡುತ್ತಿದ್ದಳು.

“ಉಗಿ. ಬಾಯಿ ತೊಳಿ. ಬಲೆ ಮುಟ್ಟಬೇಡ.”

ಅವಳು ಎಂತಕ್ಕೆ ಅಂತ ಕೇಳುವಷ್ಟರಲ್ಲಿ ಬಸ್ಸು ಹೊರಟಿತ್ತು. ನಿಲ್ಲಿಸಿ ಇಳಿದೆ. ಕಂಡಕ್ಟರು, “ಮೊದಲೇ ನೆನಪಾಗ್ಲಿಕ್ಕೆ ಎಂತ ಮಾರಾಯ್ರೆ?” ಅಂತ ಬೈದ. ವಾಪಸು ಡಾಕ್ಟ್ರಲ್ಲಿಗೆ ಹೋಗಿ, ಬಾಗಿಲಲ್ಲೇ ನಿಂತು, ಆಗ ಸುಳ್ಳು ಹೇಳಿದೆ ಅಂದೆ. ಡಾಕ್ಟ್ರು ಬೈಯಲಿಲ್ಲ. “ನಾಳೆಯೇ ಕರ್ಕೊಂಡು ಬನ್ನಿ,” ಅಂದರು ಅಷ್ಟೆ. ಬೈದಿದ್ದರೆ ಒಳ್ಳೆದಿತ್ತು.

ಮಗಳ ರಿಪೋರ್ಟು ಬಂದ ದಿನ ಅವಳ ಎದುರಿಗೇ ಹೇಳಿದೆ: “ನನಗೆ ಇಂಗ್ಲಿಷ್ ಬರುದಿಲ್ಲ ಡಾಕ್ಟ್ರೇ. ಒಂದೊಂದೇ ಸಾಲು ಹೇಳಿ.”

ಅವರು ಬೆರಳಿಟ್ಟು ಹೇಳಿದರು. “ನಿಮ್ಮದಕ್ಕಿಂತ ಕಡಿಮೆ. ಆದರೆ ಬಸುರಿಗೆ ಇದೂ ಜಾಸ್ತಿಯೇ. ತಿಂಗಳು ಬಿಟ್ಟು ಪುನಃ ನೋಡುವ.”

“ಇಳೀತದಾ?” ಮಗಳು ಕೇಳಿದಳು.

“ಕಚ್ಚದಿದ್ದರೆ ಇಳೀಬೇಕು.”

ಆ ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡೆ. ಇಳೀಬೇಕು ಅಂತಲೇ ಅಂದರು, ಇಳೀತದೆ ಅನ್ನಲಿಲ್ಲ.