ಬೈಕಿನ ಬೆನ್ನಿಗೆ ತುರುಕಿದ ನೂಲು

ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆಗೆ ಪೆಟ್ರೋಲ್ ವಾಸನೆ ಬೆರೆತರೆ ಸಾಕು, ಕೊಯಮತ್ತೂರು ಕಡೆಯ ನೆಗಮಂನ ನಮ್ಮ ಮಗ್ಗದ ಮನೆ ಕಣ್ಣ ಮುಂದೆ ಬರುತ್ತದೆ. ಈಗ ಅಲ್ಲಿ ಮಗ್ಗವೂ ಇಲ್ಲ, ಮನೆಯೂ ಇಲ್ಲ. ಎಂಬತ್ತರ ದಶಕದಲ್ಲಿ ಕುರಿಚಿಯ ಎರಕದ ಕಾರ್ಖಾನೆಗೆ ಹೋಗುತ್ತಿದ್ದ ಅಣ್ಣ, ಜಪಾನಿನ ದೊಡ್ಡ ಬೈಕೊಂದನ್ನು ಬಿಡಿಬಿಡಿಯಾಗಿ ಟೆಂಪೋದಲ್ಲಿ ತಂದು ಜಗಲಿಯಲ್ಲಿ ಇಳಿಸಿದ. ಅಲ್ಲಿನ ಗಿರಣಿಯೊಂದಕ್ಕೆ ಯಂತ್ರ ಕೂರಿಸಲು ಬಂದಿದ್ದ ವಿದೇಶಿಯೊಬ್ಬ ಕೆಡಿಸಿ ಬಿಟ್ಟುಹೋದದ್ದಂತೆ. ಅಮೆರಿಕದವರ ಉದ್ದನೆಯ ರಸ್ತೆಗಳಿಗಾಗಿ, ಅವರದೇ ಗಾಡಿಗಳ ಹಾಗೆ ಎರಡು ಸಿಲಿಂಡರುಗಳನ್ನು ಕವಲಿನಂತೆ ನಿಲ್ಲಿಸಿ ಜಪಾನಿನವರು ಮಾಡಿದ್ದೆಂದು ಅಣ್ಣ ಹೇಳುತ್ತಿದ್ದ. ಅದಕ್ಕೆ ಚೈನೇ ಇರಲಿಲ್ಲ. ಹಿಂದಿನ ಚಕ್ರವನ್ನು ಉಕ್ಕಿನ ದಂಡವೊಂದು ತಿರುಗಿಸುತ್ತಿತ್ತು. ಚೌಕಟ್ಟಿನ ಬೆನ್ನು ಟೊಳ್ಳು, ಎಂಜಿನ್ನಿಗೆ ಗಾಳಿ ಹೋಗುವುದು ಅದರೊಳಗಿಂದಲೇ. "ನೋಡು ತಂಗಚ್ಚಿ, ಈ ವಂಡಿ ಬೆನ್ನಲ್ಲೇ ಉಸುರು ಎಳೀತದೆ," ಎಂದು ರಾತ್ರಿ ಕೂತು ಅದನ್ನು ಜೋಡಿಸುತ್ತಾ ಹೇಳುತ್ತಿದ್ದ.

ಭಾನುವಾರವಾದರೆ ಅವನು ಇಸ್ತ್ರಿ ಅಂಗಿ ತೊಟ್ಟು ಕೊಯಮತ್ತೂರಿಗೆ ಹೊರಡುತ್ತಿದ್ದ. ಎಲ್ಲಿಗೆಂದು ಕೇಳಿದರೆ ಬರೀ ನಗು. "ಯಾರೋ ಒಬ್ಬಳು ಸಿಕ್ಕವಳೆ. ವಂಡಿ ಓಡಿದ ದಿನ ಇವನೂ ಓಡ್ತಾನೆ, ಪಾರು," ಎಂದು ಅಮ್ಮ ಮಗ್ಗದ ಗುಂಡಿಯಿಂದಲೇ ನನ್ನನ್ನು ಕರೆದು ಗೊಣಗುತ್ತಿದ್ದಳು. ಅಪ್ಪನಿಲ್ಲದ ಮನೆ, ಅಣ್ಣನೂ ಹೋದರೆ ನಮಗೆ ಯಾರು? ಐದನೇ ಕ್ಲಾಸಿಗೇ ಶಾಲೆ ಬಿಟ್ಟು ನೂಲು ಸುತ್ತುತ್ತಿದ್ದ ನಾನು ಅವನ ಜೇಬು ತಡಕಿದೆ, ಅಂಗಿ ಮೂಸಿದೆ. ಏನೂ ಸಿಗದಿದ್ದಾಗ ಸಂದೇಹ ಇನ್ನೂ ಹೆಚ್ಚಾಯಿತು. ಗಾಡಿ ಜೋಡಿಸಿ ಮುಗಿದ ಮೇಲೆ ಒಂದು ಬೆಳಿಗ್ಗೆ, "ಇವತ್ತು ಒಬ್ಬರು ಬರ್ತಾರೆ, ಕಾಪಿ ಚೆನ್ನಾಗಿ ಹಾಕು," ಎಂದು ಹೇಳಿ ಸ್ನಾನಕ್ಕೆ ಹೋದ. ಹುಡುಗಿಯ ಅಪ್ಪನೇ ಇರಬೇಕು ಅಂದುಕೊಂಡೆ. ಗಾಳಿ ಸೋಸುವ ಡಬ್ಬಿಯನ್ನು ಅವನು ಬಿಚ್ಚುವುದನ್ನು ನೋಡಿದ್ದೆನಲ್ಲ, ನಾನೂ ಬಿಚ್ಚಿ, ಆ ಟೊಳ್ಳು ಬೆನ್ನಿನೊಳಗೆ ತ್ಯಾಜ್ಯ ನೂಲನ್ನು ಕೋಲಿನಿಂದ ತುರುಕಿ ಮೊದಲಿದ್ದಂತೆ ಮುಚ್ಚಿಬಿಟ್ಟೆ.

ಬಂದವರು ಕೊಯಮತ್ತೂರಿನ ವರ್ಕ್‌ಶಾಪಿನ ಯಜಮಾನರು. ಅಣ್ಣ ಅಷ್ಟು ಭಾನುವಾರ ಅಲೆದದ್ದು ಅವರಲ್ಲಿ ಮೆಕ್ಯಾನಿಕ್ ಕೆಲಸ ಕೇಳಿಕೊಂಡು. ಈ ಗಾಡಿಯನ್ನು ಓಡಿಸಿ ತೋರಿಸಿದರೆ ಕೆಲಸ ಅವನದು. ಎಂಜಿನ್ ಕೆಮ್ಮಿತು, ಕಪ್ಪು ಹೊಗೆ ಕಕ್ಕಿತು, ಸತ್ತಿತು. "ಏನಪ್ಪಾ, ಜಪಾನ್ ವಂಡಿಗೂ ಬೀಡಿ ಕಲಿಸಿಬಿಟ್ಟೆಯಾ?" ಎಂದು ತಮಿಳಿನಲ್ಲಿ ಅಂದು ನಕ್ಕು, ನಾನು ಕೊಟ್ಟ ಕಾಪಿ ಕುಡಿದು ಹೊರಟುಹೋದರು. ಸಂಜೆಯವರೆಗೆ ಅಣ್ಣ ಕಾರ್ಬ್ಯುರೇಟರ್ ಬಿಚ್ಚಿ ಬಿಚ್ಚಿ ಜೋಡಿಸಿದ, ಟೊಳ್ಳು ಬೆನ್ನಿನೊಳಗೆ ಮಾತ್ರ ಇಣುಕಲಿಲ್ಲ. ಮನೆಯವರ ಮೇಲೆ ಅವನಿಗೆ ಸಂದೇಹ ಹುಟ್ಟಲೇ ಇಲ್ಲ. ತನ್ನ ಕೈಗಳ ಮೇಲೆ ಹುಟ್ಟಿತು. ಗಾಡಿಯನ್ನು ಗುಜರಿಗೆ ಹಾಕಿ, ಮತ್ತೆ ಕುರಿಚಿಯ ಬಸ್ಸು ಹತ್ತಿದ. ನಾನು ಬಯಸಿದ ಹಾಗೆಯೇ ಮನೆಯಲ್ಲಿ ಉಳಿದ. ಮುಂದೆ ಎಷ್ಟೋ ವರ್ಷ, ಸೀಮೆಎಣ್ಣೆ ಸ್ಟೌ ಕೆಟ್ಟು ಅವನ ಮುಂದಿಟ್ಟರೆ, "ಬೇರೆ ಯಾರಿಗಾದ್ರೂ ತೋರಿಸು ತಂಗಚ್ಚಿ, ನಂಗೆ ಕೈ ಬರಲ್ಲ," ಎಂದು ಕೈಗಳನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದ. ಆಗಲಾದರೂ ಹೇಳಬಹುದಿತ್ತು. ನಾನು ಸ್ಟೌ ಎತ್ತಿಕೊಂಡು ರಿಪೇರಿ ಅಂಗಡಿಗೆ ಹೋಗುತ್ತಿದ್ದೆ. ಈಗ ಅಣ್ಣನೂ ಇಲ್ಲ.