ಕುಂಕುಮ ಹಿಡಿದು ಹೋದ ಅತ್ತೆ

ನಮ್ಮ ಅತ್ತೆಯ ಕೈಬೆರಳುಗಳಿಗೆಲ್ಲ ಯಾವಾಗಲೂ ಕಡುಗೆಂಪು ಉಗುರುಬಣ್ಣ. ಬಲಗೈ ಹೆಬ್ಬೆರಳಿನದು ಮಾತ್ರ ಬೋಳು, ತುದಿ ಹಳದಿಗಟ್ಟಿದ್ದು. ಅದು ಬೆಳ್ಳುಳ್ಳಿ ಸುಲಿಯುವ ಉಗುರು, ಅದಕ್ಕೆ ಶೋಕಿ ಬೇಡ ಅನ್ನುತ್ತಿದ್ದರು. ಮಾವ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಗಿಳಿಹಸಿರು ಸೀರೆ, ಮುಖಕ್ಕೆ ಪೌಡರ್, ತಲೆತುಂಬ ಮಲ್ಲಿಗೆ. ಭಾನುವಾರ ಹಾಗೆಯೇ ಚರ್ಚಿಗೆ ಹೊರಡುತ್ತಿದ್ದರು. ಸಿದ್ಧಾರ್ಥನಗರದ ಮನೆಯ ಮುಂದಿನ ಕೋಣೆಯಲ್ಲಿ, ಶಾಲೆಯ ಮಕ್ಕಳ ನಾಟಕಕ್ಕೆ ವೇಷಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಕೃಷ್ಣನ ಕಿರೀಟವೂ ದೇವದೂತರ ರೆಕ್ಕೆಯೂ ಅಲ್ಲಿ ಒಂದೇ ಮೊಳೆಗೆ ನೇತಾಡುತ್ತಿದ್ದವು.

ನಾನು ಅವರ ಮಗನನ್ನೇ ಮದುವೆಯಾಗುತ್ತೇನೆ ಎಂದ ದಿನ ರಾಮಕೃಷ್ಣನಗರದ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಅಪ್ಪ ಇಲ್ಲ. ಅಮ್ಮ ಮಠಕ್ಕೆ ನಡೆದುಕೊಳ್ಳುವ ಮನೆಯವಳು. ಅಪ್ಪ ಹೋದಂದಿನಿಂದ ಅವಳ ಹಣೆಗೆ ವಿಭೂತಿಯಷ್ಟೇ. “ಲಿಂಗ ಕಟ್ಟೋ ಮನೇಲಿ ಹುಟ್ಟಿ ಚರ್ಚಲ್ಲಿ ಹೋಗಿ ನಿಲ್ತೀಯಾ? ನನ್ನ ಮಾತ್ರ ಕರೀಬೇಡ,” ಎಂದಳು. ನಾನು ಗೆಳತಿಯ ಮನೆ ಸೇರಿಕೊಂಡೆ.

“ಅಮ್ಮ ಬರ್ದೇ ಇರೋ ಮದುವೆ ಮದುವೇನಾ? ಬರ್ತಾರೆ ಸುಮ್ನಿರಮ್ಮ,” ಅಂದವರೇ ಅತ್ತೆ ತಯಾರಿಗೆ ಇಳಿದರು. ಬೆಳಿಗ್ಗೆ ಚರ್ಚು, ಸಂಜೆ ಮಂಟಪದಲ್ಲಿ ಆರತಕ್ಷತೆ. ಅಲಂಕಾರದವನು ಫೋನಿನಲ್ಲಿ ಮಾಸಲು ಬಣ್ಣದ ವೇದಿಕೆಗಳನ್ನು ತೋರಿಸಿ, ಈಗ ಇದೇ ಫ್ಯಾಷನ್ನು ಎಂದ. “ಒಗೆದೂ ಒಗೆದೂ ಬಣ್ಣ ಬಿಟ್ಟಂಗದೆ ಕಣಪ್ಪ!” ಎಂದು ಅವನನ್ನು ಸಾಗಹಾಕಿ, ಚೆಂಡುಹೂ, ಕನಕಾಂಬರ, ನೇರಳೆ ಪರದೆ, ನವಿಲುಬಣ್ಣದ ವೇದಿಕೆ ಎಲ್ಲವನ್ನೂ ತಾವೇ ಆರಿಸಿದರು. ನಾನು ಚರ್ಚಿಗೆ ಬಿಳಿಯನ್ನೇ ಉಡಬೇಕೆಂದು ಅವರ ಕಡೆಯವರು ಹಟ ಹಿಡಿದರು. “ಅವರಮ್ಮ ಮುಂದಿನ ಬೆಂಚಲ್ಲಿ ಕೂತಿರ್ತಾರೆ. ಮದುವೆ ದಿನ ಮಗಳ ಮೈಮೇಲೆ ಬಿಳಿ ನೋಡಿದ್ರೆ ಹೆತ್ತ ಹೊಟ್ಟೆಗೆ ಎಂಗಾಗಬೇಡ?” ಎಂದು ಅವರ ಬಾಯಿ ಮುಚ್ಚಿಸಿ ಅರಿಶಿನ ಬಣ್ಣದ ರೇಷ್ಮೆ ಸೀರೆ ತಂದರು. ಅಮ್ಮ ಬರುತ್ತಾಳೆಂದು ನನಗಿಂತ ಹೆಚ್ಚು ನಂಬಿದ್ದವರು ಅವರೇ.

ಒಂದು ದಿನ ಅಮ್ಮನ ಫೋನು ಬಂತು. “ಊಟ ಎಂಥದ್ದು ಮಾಡಿಸ್ತಾರೆ ಅವರು?” ಅಷ್ಟು ಕೇಳಿ ಇಟ್ಟುಬಿಟ್ಟಳು. ನಾನು ಅದನ್ನು ಹೇಳಿದ ತಕ್ಷಣ ಅತ್ತೆಯ ಕಣ್ಣು ತುಂಬಿತು. ಬಿರಿಯಾನಿಗೆ ಕಾದಿದ್ದ ಸ್ವಂತ ತಮ್ಮನ ಮುನಿಸನ್ನೂ ಲೆಕ್ಕಿಸದೆ, ಎರಡೂ ಹೊತ್ತು ಸಸ್ಯಾಹಾರವೆಂದು ಅಡುಗೆಯವರಿಗೆ ಹೇಳಿಬಿಟ್ಟರು. ಮಾರನೆಯ ದಿನ ನನಗೂ ತಿಳಿಸದೆ ಅಮ್ಮನನ್ನು ಕರೆಯಲು ಒಬ್ಬರೇ ಹೊರಟರು. ಹಿಂದೂಗಳ ಮನೆಗೆ ಮದುವೆ ಕರೆಯಲು ಏನು ಒಯ್ಯಬೇಕೆಂದು ಪೂಜೆ ಸಾಮಾನು ಮಾರುವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದ್ದಾರೆ. ಅವರು ಅರಿಶಿನ, ಕುಂಕುಮ, ಎಲೆ, ಅಡಿಕೆ ಕಟ್ಟಿಕೊಟ್ಟಿದ್ದಾರೆ. ಕರೆಯುತ್ತಿರುವುದು ಯಾರನ್ನು ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಏನೂ ತಪ್ಪಿಲ್ಲದ ಆ ಅಂಗಡಿಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಸಂಜೆ ನಾನು ಹೋದಾಗ ಅತ್ತೆ ವೇಷಗಳ ನಡುವೆ ನೆಲದ ಮೇಲೆ ಕೂತಿದ್ದರು.

“ನಾನೇ ಕೆಡಿಸ್ಬುಟ್ಟೆ ಕಣಮ್ಮ. ಒಳಗೆ ಕರೆದ್ರು, ನೀರು ಕೊಟ್ರು. ಕುಂಕುಮದ ಬಟ್ಲು ಮುಂದೆ ಹಿಡಿದೆ ನೋಡು, ಮುಖಾನೇ ಕಪ್ಪಿಟ್ಟೋಯ್ತು. ‘ಗಂಡ ಸತ್ತೋಳಿಗೆ ಕುಂಕುಮ ಕೊಟ್ಟು ಅಣಕಿಸೋಕೆ ಬಂದ್ರೇನ್ರೀ?’ ಅಂದ್ಬುಟ್ರು.” ಆಮೇಲೆ, “ನನಗೂ ಗಂಡ ಇಲ್ವಲ್ಲಮ್ಮ. ಇದೆಲ್ಲ ನಮ್ಮಲ್ಲಿಲ್ಲ, ನನಗೆಂಗೆ ಗೊತ್ತಾಗ್ಬೇಕು?” ಎಂದರು.

ಅವರಿಗೆ ಗೊತ್ತಿರಲಿಲ್ಲವೆಂದು ಎಷ್ಟು ಹೇಳಿದರೂ ಅಮ್ಮ ನಂಬಲಿಲ್ಲ. ಮದುವೆ ನಡೆಯಿತು. ಬಂದವರೆಲ್ಲ ಬಣ್ಣಗಳನ್ನು ಹೊಗಳಿದರು, ವೇದಿಕೆಯ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡರು. ಚರ್ಚಿನ ಮುಂದಿನ ಬೆಂಚಿನಲ್ಲಿ ಅತ್ತೆ ಪಕ್ಕದ ಜಾಗಕ್ಕೆ ತಮ್ಮ ಬ್ಯಾಗು ಇಟ್ಟು, ಕೊನೆಯವರೆಗೂ ಯಾರನ್ನೂ ಕೂರಲು ಬಿಡಲಿಲ್ಲ. ಅಷ್ಟು ಚಂದದ ಫೋಟೋಗಳಲ್ಲಿ ಅವರ ಮುಖ ಮಾತ್ರ ಬಾಡಿದೆ. ಆಮೇಲೂ ಹಬ್ಬ ಬಂದಾಗಲೆಲ್ಲ, “ನಿಮ್ಮಮ್ಮ ಫೋನ್ ಎತ್ತಿದ್ರಾ?” ಎಂದು ಕೇಳುತ್ತಿದ್ದರು. ಇಲ್ಲ ಎನ್ನುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಕಳೆದ ವರ್ಷ ಅತ್ತೆ ಹೃದಯ ಕೈಕೊಟ್ಟು ಹೋಗಿಬಿಟ್ಟರು. ಹಜಾರದಲ್ಲಿ ಪೆಟ್ಟಿಗೆ ಇಟ್ಟಿದ್ದಾಗ ಅಮ್ಮ ಬಂದಳು. ಯಾರೂ ಕರೆದಿರಲಿಲ್ಲ, ಸಾವಿಗೆ ಯಾರೂ ಕರೆಯುವುದಿಲ್ಲ. ನನ್ನೊಡನೆ ಮಾತಿಲ್ಲ. ಅತ್ತೆಯ ಮುಖವನ್ನೇ ನೋಡುತ್ತ ಬಹಳ ಹೊತ್ತು ಕೂತಿದ್ದಳು.

ಸಾವಿನ ಮನೆಯಿಂದ ಹೊರಡುವಾಗ ಹೇಳಿ ಹೋಗಬಾರದು, ಸುಮ್ಮನೆ ಎದ್ದು ಹೋಗಬೇಕು ಎಂದು ಚಿಕ್ಕಂದಿನಲ್ಲಿ ನನಗೆ ತೊಡೆ ಚಿವುಟಿ ಕಲಿಸಿದವಳು ಅಮ್ಮನೇ. ಅವಳು ಬಾಗಿಲ ತನಕ ಹೋದಳು, ನಿಂತಳು, ಪೆಟ್ಟಿಗೆಯ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಅಂದಳು:

“ಹೋಗಿ ಬರ್ತೀನ್ರೀ.”

ಕೂತಿದ್ದವರು ಬೆಚ್ಚಿ ನೋಡಿದರು. ಅಮ್ಮ ಕದಲಲಿಲ್ಲ, ಉತ್ತರಕ್ಕೆ ಕಾಯುವವಳ ಹಾಗೆ ನಿಂತೇ ಇದ್ದಳು. ಅತ್ತೆ ಇದ್ದಿದ್ದರೆ ಏನೆನ್ನುತ್ತಿದ್ದರೋ ಅದನ್ನೇ, ಹುಟ್ಟಿದಂದಿನಿಂದ ನೀನು ಎಂದೇ ಕರೆದ ಹೆತ್ತವಳಿಗೆ, ನಾನು ಅಂದೆ: “ಹೋಗಿ ಬನ್ನಿ.”