ಗಿರಣಿಯ ಸದ್ದಿನಲ್ಲಿ ಹೇಳಿದ ಮಾತು

ಗಿರಣಿಯಕ್ಕನಿಗೆ ಕಿವಿಯ ಕೆಲಸವನ್ನೂ ಕಣ್ಣೇ ಮಾಡುತ್ತದೆ. ಅಪ್ಪನ ಕಾಲದ ಹಿಟ್ಟಿನ ಗಿರಣಿ. ಬೆಲ್ಟು ತಿರುಗತೊಡಗಿದರೆ ಪಕ್ಕದಲ್ಲಿ ನಿಂತು ಕೂಗಿದರೂ ಕೇಳದು. ಆ ಸದ್ದಿನಲ್ಲೇ ಹುಟ್ಟಿ ಬೆಳೆದವಳು ತುಟಿ ನೋಡಿಯೇ ಮಾತು ಹಿಡಿಯುತ್ತಾಳೆ.

ಊರಿನ ಹೆಂಗಸರಿಗೂ ಈ ಸದ್ದು ಅನುಕೂಲವೇ. ಗೋಡೆಗೂ ಕಿವಿಯಿದೆ ಅನ್ನುತ್ತಾರಲ್ಲ, ಗಿರಣಿಯ ಗೋಡೆ ಮಾತ್ರ ಶುದ್ಧ ಕಿವುಡು. ಗಂಡನ ಏಟು, ಅತ್ತೆಯ ಕೊಂಕು, ನದಿಯ ಎರಡು ದಡಗಳ ನಡುವೆ ಯುದ್ಧ ಬಂದ ಮೇಲೆ ಅದಕ್ಕಿಂತ ಕೆಟ್ಟದ್ದು, ಎಲ್ಲವನ್ನೂ ಹಿಟ್ಟು ಬೀಳುವಷ್ಟರಲ್ಲಿ ಅಕ್ಕನ ಮುಂದೆ ಹೇಳಿ ಹಗುರಾಗುತ್ತಿದ್ದರು. ನದಿಯ ಆಚೆಗೂ ಈಚೆಗೂ ಇದೊಂದೇ ಗಿರಣಿ. ಗಂಡಸರು ಸೇತುವೆಯ ಎರಡು ತುದಿಯಲ್ಲಿ ಬಂದೂಕು ಹಿಡಿದು ನಿಂತಿದ್ದಾಗಲೂ ಹೆಂಗಸರು ಡಬ್ಬ ಹಿಡಿದು ಒಂದೇ ಸಾಲಿನಲ್ಲಿ ನಿಂತಿದ್ದರು. ಹಸಿವಿಗೆ ಯಾವ ಪಕ್ಷ?

ಏಳು ವರ್ಷದ ಹಿಂದೆ ತಂಗಿ ಹೇಳಿದ್ದೂ ಅಲ್ಲೇ, ಹಿಟ್ಟಿನ ಚೀಲದ ಬಾಯಿ ಹಿಡಿದುಕೊಂಡು. ಸೇತುವೆಯ ಈ ತುದಿಯಲ್ಲಿ ಕಾವಲಿದ್ದ ನಮ್ಮವರೇ ಮೂವರು ಅವಳನ್ನು ಕಾವಲುಕೋಣೆಯ ಒಳಗೆಳೆದು ಬಾಗಿಲು ಹಾಕಿದ್ದರು. ಅವರಲ್ಲೊಬ್ಬ ಅಕ್ಕನ ಮೈದುನ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಅಕ್ಕ ಒಂದೊಂದು ಮಾತನ್ನೂ ತುಟಿಯಿಂದ ಓದಿದಳು. ಬಾಯಿಬಿಟ್ಟರೆ ಸಂಸಾರ ಒಡೆಯುತ್ತದೆಂದು ಹೆದರಿ, ಕಿವಿ ತೋರಿಸಿ, "ಮಿಷನ್ ಸದ್ದು ಕಣೇ, ಏನೂ ಕೇಳಿಸ್ಲಿಲ್ಲ" ಎಂದುಬಿಟ್ಟಳು.

ತಂಗಿ ಎರಡನೇ ಸಲ ಹೇಳಲಿಲ್ಲ. ವಾರದೊಳಗೆ ಬಸ್ಸು ಹತ್ತಿ ದೂರದ ನಗರಕ್ಕೆ ಹೋದಳು. ಈಗ ಅಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸ. ಭಾನುವಾರ ಫೋನು ಮಾಡಿ ಬಿಸಿಲು, ನೆಗಡಿ, ಮೊಣಕೈ ನೋವು ಎಂದು ಎರಡು ಮಾತಾಡಿ ಇಡುತ್ತಾಳೆ. ಅವಳು ಹಿಡಿಯುತ್ತಿದ್ದ ಚೀಲದ ಬಾಯನ್ನು ಈಗ ಎರಡು ಕಬ್ಬಿಣದ ಕೊಕ್ಕೆಗಳು ಹಿಡಿದಿರುತ್ತವೆ. ಕೊಕ್ಕೆ ಸಿಕ್ಕಿಸುವಾಗಲೆಲ್ಲ ಅಕ್ಕನ ಜೀವ ಹಂಬಲಿಸುತ್ತದೆ: ಒಂದು ಸಲ ಬಂದು ಇಲ್ಲಿ ನಿಂತುಬಿಡೇ.

ಕದನ ನಿಂತ ಮೇಲೆ ಶಾಂತಿ ಸಮಿತಿ ಬಂತು. ಹನ್ನೊಂದು ಗಂಡಸರು, ಒಂದು ಮೈಕು. ಮೈದುನನೂ ಅದರಲ್ಲಿದ್ದ. ಹೆಂಗಸರಿಗೆ ಚಹಾ ಹಂಚುವ ಕೆಲಸ. ಶಾಂತಿಗೆ ಅದೂ ಬೇಕಲ್ಲ! ಶಾಲೆಯ ಸಭಾಂಗಣದಲ್ಲಿ ಅಧ್ಯಕ್ಷರು ರಿಜಿಸ್ಟರ್ ತೆರೆದು, "ಆ ಕಡೆಯವರಿಂದ ನಮ್ಮ ಹೆಣ್ಮಕ್ಕಳಿಗೆ ಏನಾಯ್ತೋ ಅದನ್ನ ಬರೆಸಿ" ಎಂದರು.

ಅಕ್ಕ ಚಹಾದ ತಟ್ಟೆಯನ್ನು ಮೈದುನನ ಮುಂದೆಯೇ ಇಟ್ಟಳು.

"ಈ ಕಡೆಯವ್ರು ಮಾಡಿದ್ದನ್ನ ಯಾವ ಪುಟದಲ್ಲಿ ಬರೀತೀರಾ?"

ಮೈದುನ ಲೋಟವನ್ನೇ ನೋಡುತ್ತಿದ್ದ. ಅಧ್ಯಕ್ಷರು ಮಾತ್ರ ಬೆಣ್ಣೆಯಲ್ಲಿ ಕೂದಲು ತೆಗೆದಂತೆ, "ಅಂಥದ್ದೇನಾದ್ರೂ ಇದ್ರೆ ಹೇಳಮ್ಮ" ಎಂದರು.

ಎಲ್ಲವೂ ಅಕ್ಕನ ನಾಲಿಗೆ ತುದಿಯಲ್ಲೇ ಇತ್ತು. ಆದರೆ ಅದು ತಂಗಿಯ ಮಾತು. ಒಂದು ಸಲ ಅದನ್ನು ಹೂತವಳು, ಈಗ ಕೇಳದೆ ಅಗೆದು ಬೀದಿಗೆ ಹಾಕುವುದೇ? "ಕೇಳ್ಕೊಂಡು ಬರ್ತೀನಿ. ಪುಟ ಖಾಲಿ ಬಿಟ್ಟಿರಿ" ಎಂದು ಹೊರಟಳು.

ಗಿರಣಿಯಲ್ಲಿ ಗಂಡ ಹಿಟ್ಟು ಬೀಸುತ್ತಿದ್ದ. ಸಾಲು ಬಾಗಿಲು ದಾಟಿತ್ತು. ಅಕ್ಕ ನೇರ ಹೋಗಿ ಸ್ವಿಚ್ಚು ಆರಿಸಿದಳು. ನಡುಮಧ್ಯಾಹ್ನ ಗಿರಣಿ ನಿಂತದ್ದನ್ನು ಯಾರೂ ಕಂಡಿರಲಿಲ್ಲ. ಅವಳ ಮುಖ ನೋಡಿ ಎರಡೂ ದಡದ ಹೆಂಗಸರು, ಯಾರೂ ಹೇಳದೆಯೇ, ಅವಳ ಗಂಡನನ್ನೂ ಕರೆದುಕೊಂಡು ಹೊರಗೆ ಹೋದರು.

ಅಕ್ಕ ತಂಗಿಗೆ ಫೋನು ಹಚ್ಚಿದಳು.

"ಅವತ್ತು ನಂಗೆ ಎಲ್ಲಾ ಗೊತ್ತಾಗಿತ್ತು ಕಣೇ. ಕೇಳಿಸ್ಲಿಲ್ಲ ಅಂದಿದ್ದು ಸುಳ್ಳು."

"ಗೊತ್ತು ಅಕ್ಕ. ನಿಂಗೆ ತಿಳೀಲಿ ಅಂತಾನೇ ಅಲ್ವಾ ಎದುರಿಗೆ ನಿಂತು ಹೇಳಿದ್ದು?"

ಅಕ್ಕನಿಗೆ ಅಳು ಒತ್ತರಿಸಿಕೊಂಡು ಬಂತು. ತಂಗಿಯೇ ಕೇಳಿದಳು: "ಏನೂ ಸದ್ದೇ ಇಲ್ವಲ್ಲ. ಮಿಷನ್ ಓಡ್ತಿಲ್ವಾ?"

"ನಿಲ್ಸಿದೀನಿ."

"ಹಂಗಾದ್ರೆ ಇನ್ನೊಂದ್ಸಲ ಹೇಳ್ತೀನಿ," ಎಂದಳು ತಂಗಿ. "ಕೇಳು."